ದುರ್ಯೋಧನನ ಕಂಕುಳ ಹೊಲಿಗೆ

ನಮ್ಮ ಭಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಕಂಕುಳು ನೆನಪಿರುತ್ತದೆ! ನಗಬೇಡಿ. ಎದುರಿಗೆ ಬಂದವರು ಕೈಯೆತ್ತಿ ನಮಸ್ಕಾರ ಮಾಡಿದರೆ ಇವರ ದೃಷ್ಟಿ ನೆಟ್ಟಗೆ ಅಲ್ಲಿಗೇ ಹೋಗುತ್ತದೆ. "ಮಿಸೀನ್ ಒಲಿಗೆ. ಇನ್ನೊಂದು ತಿಂಗ್ಳು ತಡೀಬೌದು," ಎಂದು ಭವಿಷ್ಯ ನುಡಿಯುತ್ತಾರೆ. ಯೋಗಕ್ಷೇಮ ವಿಚಾರಿಸುವುದೆಲ್ಲ ಆಮೇಲೆ.

ಇವರು ನನ್ನ ಅಕ್ಕನ ಗಂಡ. ಕೃಷ್ಣರಾಜನಗರದ ಪಕ್ಕದ ಹಳ್ಳಿಯಲ್ಲಿ ಭತ್ತದ ಗದ್ದೆ ಇದೆ. ಗದ್ದೆ ಬಿಟ್ಟ ಹೊತ್ತಿನಲ್ಲೆಲ್ಲ ಊರಿನ ಪೌರಾಣಿಕ ನಾಟಕಕ್ಕೆ ರಾಜರ ಉಡುಪು ಹೊಲಿಯುತ್ತಾರೆ. ಅದೂ ಬರೀ ಕೈಯಲ್ಲಿ! ಅಕ್ಕನ ಹೊಲಿಗೆ ಮಿಷನ್ನು ಮನೆಯಲ್ಲೇ ಇದೆ. ಬಣ್ಣ ಹಚ್ಚಿದ ಕಿರೀಟಗಳನ್ನು ಅದರ ಮೇಲೆ ಒಣಗಲು ಇಡುತ್ತಾರೆ.

ನಾನು ಹುಣಸೂರಿನಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ಸೀಟಿ ಊದಿದರೆ ಸಾಲು ನೆಟ್ಟಗಾಗಬೇಕು. ಭಾವನ ಮನೆಯಲ್ಲಿ ನೆಟ್ಟಗಿರುವುದು ಹೊಲಿಗೆಯೊಂದೇ. ಊಟಕ್ಕೆ ಹೊತ್ತಿಲ್ಲ, ಸ್ನಾನಕ್ಕೆ ಗೊತ್ತಿಲ್ಲ. ಆದರೆ ದಾರ ಮಾತ್ರ ಮೊಳಕೈಯಿಂದ ಬೆರಳ ತುದಿಯವರೆಗೆ, ಒಂದಂಗುಲ ಹೆಚ್ಚಿರಕೂಡದು! ಅದನ್ನು ಜೇನುಮೇಣದ ಉಂಡೆಯ ಮೇಲೆ ಮೂರು ಸಲ ಎಳೆಯಬೇಕು. ಆಮೇಲೆ ಪಾತ್ರದ ಸ್ವಭಾವ ನೋಡಿ ಹೊಲಿಗೆ. ಭೀಮ, ದುರ್ಯೋಧನರ ಕಂಕುಳಿಗೆ ಜೋಡಿ ದಾರ. ಧರ್ಮರಾಯನಿಗೆ ಒಂಟಿ ಎಳೆ.

"ಪಾಪ, ಧರ್ಮರಾಯನಿಗೇಕೆ ಈ ಅನ್ಯಾಯ ಭಾವ?" ಎಂದು ಕೇಳಿದ್ದೆ.

"ಅವ್ನು ಯಾವತ್ತು ಕೈ ಎತ್ತವ್ನೆ ಯೋಳು?"

"ಶಕುನಿಗೆ?"

"ಮಣಿಕಟ್ಟು ಗಟ್ಟಿ ಮಾಡುದ್ರೆ ಸಾಕು. ಮಿಕ್ಕಿದ್ದೆಲ್ಲ ಬಾಯಲ್ಲೇ ಮುಗಿಸ್ತಾನೆ."

ಪಿರಿಯಾಪಟ್ಟಣದಲ್ಲಿ ಒಂದು ಮದುವೆ. ಹುಡುಗ ಜೀರಿಗೆ ಬೆಲ್ಲ ಹಾಕಲು ಕೈಯೆತ್ತಿದ. ಚರ್ರ್! ಶೇರ್ವಾನಿಯ ಕಂಕುಳು ಬಾಯಿಬಿಟ್ಟಿತು. ಎಲ್ಲರೂ ಬೇರೆ ಕಡೆ ನೋಡಿದರೆ, ಭಾವ ಕಾಲರಿನಲ್ಲಿ ಸದಾ ಚುಚ್ಚಿಕೊಂಡಿರುವ ಸೂಜಿ ತೆಗೆದು ಮಂಟಪ ಹತ್ತಿಯೇಬಿಟ್ಟರು. ಮೈಮೇಲಿರುವ ಬಟ್ಟೆಗೆ ಹೊಲಿಗೆ ಹಾಕುವುದು ಅಪಶಕುನವಂತೆ; ತೊಟ್ಟವರು ಹಲ್ಲಿನಲ್ಲಿ ಏನಾದರೂ ಕಚ್ಚಿಕೊಂಡರೆ ದೋಷವಿಲ್ಲವಂತೆ. ಸರಿ, ಮದುಮಗನ ಬಾಯಿಗೆ ಒಂದು ವೀಳ್ಯದೆಲೆ! ಪುರೋಹಿತರು "ಮಮ ಅನ್ನಿ" ಎಂದರು. ಹುಡುಗ "ಮ್ ಮ್" ಎಂದ. ಮಂತ್ರಕ್ಕೇನೂ ಕೊರತೆಯಾಗಲಿಲ್ಲ.

ಇವರ ಪೆಟ್ಟಿಗೆಯಲ್ಲಿ ಒಂದು ಕೆಂಪು ವೆಲ್ವೆಟ್ ಕೋಟಿದೆ. ಅರ್ಧ ಶತಮಾನದಿಂದ ವರ್ಷಕ್ಕೊಬ್ಬರಂತೆ ಊರಿನ ರಾಜರೆಲ್ಲ ಅದನ್ನೇ ತೊಟ್ಟು ಮೆರೆದಿದ್ದಾರೆ. ಎರಡು ಪಕ್ಕಕ್ಕೂ, ಕಂಕುಳಿಂದ ಸೊಂಟದವರೆಗೆ, ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಸಿಟ್ಟಿರುತ್ತಾರೆ. ಒಂದು ದಾರ ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳಬೇಕು. ಹೋದ ವರ್ಷದ ಸಣಕಲ ಅರ್ಜುನನ ಕೋಟು ಈ ವರ್ಷದ ದಪ್ಪ ದುರ್ಯೋಧನನಿಗೆ ಆಗಬೇಕು. ಮಿಷನ್ ಹೊಲಿಗೆ ಹಾಗೆ ಬಿಚ್ಚಲು ಬರುತ್ತದೆಯೇ? ತೊಟ್ಟವರ ಅಳತೆಗಳಿಗೆ ಒಳಗಿನ ಲೈನಿಂಗ್ ಬಟ್ಟೆಯಲ್ಲಿ ಒಂದೊಂದು ಬಣ್ಣದ ದಾರದ ಚುಕ್ಕೆ. "ಸತ್ತೋರ್ದು, ನಾಟ್ಕ ಬುಟ್ಟೋರ್ದು ಕಿತ್ತಾಕ್ಬುಡ್ತೀನಿ. ಇಲ್ದಿದ್ರೆ ಕೋಟು ಚಿರತೆ ಆಯ್ತದೆ!" ಎನ್ನುತ್ತಾರೆ.

ಈ ವರ್ಷ ಭಾವನಿಗೆ ಕಣ್ಣಿನ ಆಪರೇಷನ್ ಆಯಿತು. ಒಂದು ತಿಂಗಳು ಸೂಜಿ ಮುಟ್ಟಬಾರದೆಂದು ಡಾಕ್ಟರ ಕಟ್ಟಪ್ಪಣೆ. ಶನಿವಾರ ನಾಟಕ. ದುರ್ಯೋಧನನ ಪಾರ್ಟು ಹಾಲಿನ ಡೈರಿಯ ಕಾರ್ಯದರ್ಶಿಗೆ. ಅವನ ಹೊಟ್ಟೆಗೆ ಆ ನಾಲ್ಕು ಬೆರಳನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು. ನಾಟಕದ ಹುಡುಗರು "ಮೈಸೂರಿಂದ ಬಾಡ್ಗೆ ಕೋಟು ತರುಸ್ತೀವಿ, ನೀವು ರೆಸ್ಟ್ ತಗೊಳಿ ತಾತ," ಎಂದರಂತೆ.

ಅಕ್ಕನ ಫೋನು ಬಂತು. "ಎರಡು ದಿನದಿಂದ ಯಾರ ಕಂಕುಳೂ ನೋಡಿಲ್ಲ ಕಣೋ. ಬೇಗ ಬಾ."

ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಭಾವ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು, ತೊಡೆಯ ಮೇಲೆ ಕೋಟು. "ಒಂದ್ಸಲ ಬಾಡ್ಗೆ ಕೋಟು ಬಂತು ಅಂದ್ರೆ ಇದು ಪೆಟ್ಟಿಗೆ ಸೇರ್ಕತದೆ ಕಣೋ. ಜೊತೇಲಿ ನಾನೂವೆ," ಎಂದರು.

ನನಗೆ ಅಂಗಿಯ ಗುಂಡಿ ಹೊಲಿದು ಸಹ ಅಭ್ಯಾಸವಿಲ್ಲ. ಆದರೂ "ಸೂಜಿ ಕೊಡಿ" ಎಂದುಬಿಟ್ಟೆ.

ನಾನು ಹೊಲಿಯುವುದು, ಅವರು ಒಂದೊಂದು ಹೊಲಿಗೆಯನ್ನೂ ಹೆಬ್ಬೆರಳಿನಿಂದ ತಡವಿ ನೋಡುವುದು. "ಇವ್ನು ಕುಡ್ದವ್ನೆ, ಬಿಚ್ಚು." ಬಿಚ್ಚಿದೆ. "ಇವ್ನು ಪಕ್ಕದೋನ್ ಮೇಲೆ ಬಿದ್ದವ್ನೆ, ಬಿಚ್ಚು." ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ನನಗೆ ಹತ್ತು ಹೊಲಿಗೆಯನ್ನು ಸಾಲಾಗಿ ನಿಲ್ಲಿಸಲಾಗಲಿಲ್ಲ!

"ಮೇಷ್ಟ್ರು ಅಂತೆ!" ಎಂದು ಅಕ್ಕ ಒಳಗಿನಿಂದಲೇ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಒಂದು ಪಕ್ಕ ಮುಗಿಯಿತು. ಇನ್ನೊಂದು ಪಕ್ಕ ತಿರುಗಿಸಿದಾಗ ಲೈನಿಂಗಿನಲ್ಲಿ ಹಸಿರು, ಹಳದಿ ಚುಕ್ಕೆಗಳ ಆಚೆ, ಬಹಳ ಒಳಗೆ, ಒಂದು ನೀಲಿ ಚುಕ್ಕೆ ಕಂಡಿತು. ಬಣ್ಣ ಮಾಸಿತ್ತು.

"ಇದ್ಯಾರ ಅಳತೆ ಭಾವ? ಕಡ್ಡಿಯ ಹಾಗಿದ್ದನೇ?"

ಅವರು ಬೆರಳಿನಿಂದ ಹುಡುಕಿ ಮುಟ್ಟಿದರು. "ನಿಂದೇ ಕಣ್ಲಾ."

ನನ್ನ ಹದಿನೆಂಟನೆಯ ವಯಸ್ಸಿನಲ್ಲಿ ಇದೇ ಕೋಟು ತೊಟ್ಟು ಅಭಿಮನ್ಯು ಆಗಿದ್ದೆ. ಚಕ್ರವ್ಯೂಹದೊಳಗೆ ನುಗ್ಗಿದ್ದೇ ತಡ, ಮಾತೆಲ್ಲ ಮರೆತುಹೋಯಿತು. ವ್ಯೂಹದಿಂದ ಹೊರಬರುವ ದಾರಿ ಅಭಿಮನ್ಯುವಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು! ರಂಗದಿಂದ ಹಾರಿ, ಕೋಟಿನ ಸಮೇತ ಬಸ್‌ಸ್ಟ್ಯಾಂಡಿಗೆ ಓಡಿದೆ. ಕೋಟು ವಾಪಸ್ ಕಳಿಸಿದೆ, ಮತ್ತೆ ಬಣ್ಣ ಹಚ್ಚಲಿಲ್ಲ. ಆ ಸುದ್ದಿಯನ್ನು ಹೆಂಡತಿಗೂ ಹೇಳಲಿಲ್ಲ.

"ನಾಟಕ ಬಿಟ್ಟವರದ್ದು ಕೀಳ್ತೀನಿ ಅಂತಿದ್ರಲ್ಲ ಭಾವ?"

"ನೀನು ಬುಟ್ಟೆ ಅಂತ ಯಾರು ಯೋಳುದ್ರು? ಮಾತು ಮರ್ತು ಈಚ್ಗೆ ಓಗಿದ್ದೀಯ. ಗ್ಯಾಪಕ ಬಂದ್ರೆ ವಾಪಸ್ ಬತ್ತೀಯ ಅಂತ ಇಟ್ಟಿವ್ನಿ."

ನನ್ನ ಕಣ್ಣಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಆದರೂ ಸೂಜಿಗೆ ದಾರ ಪೋಣಿಸಲು ಬಹಳ ಹೊತ್ತು ಹಿಡಿಯಿತು.

"ಅಳ್ಬ್ಯಾಡ," ಎಂದರು ಭಾವ. "ವೆಲ್ವೆಟ್ ಕಲೆ ಆಯ್ತದೆ."

ಶನಿವಾರ ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತೆವು. ದುರ್ಯೋಧನ ಕೆಂಪು ಕೋಟಿನಲ್ಲಿ ಬಂದು, ಎರಡೂ ಕೈಗಳಿಂದ ಗದೆಯನ್ನು ತಲೆಯ ಮೇಲೆತ್ತಿ ಆರ್ಭಟಿಸಿದ. ಊರೆಲ್ಲ ಅವನ ಮುಖ ನೋಡುತ್ತಿತ್ತು. ನಾನು ಅವನ ಕಂಕುಳು ನೋಡುತ್ತಿದ್ದೆ.

ಭಾವ ಕತ್ತಲೆಯಲ್ಲಿ ನನ್ನ ಕೈ ಹುಡುಕಿ ಹಿಡಿದುಕೊಂಡರು. "ನಿಂತದೇನ್ಲಾ?"

"ನಿಂತಿದೆ ಭಾವ."