ನಾಲ್ಕನೇ ಜ್ವರಕ್ಕೆ ಡೀಜೆ

ಬೀಗರೂಟದ ದಿನ ಡೀಜೆ ನಾನೇ ಮಾಡ್ತೀನಿ ಅಂತ ಮುರಳಿಮೋಹನ್ ಬಾಯಿ ಜಾರಿ ಅಂದಿದ್ದು ಮೂರು ತಿಂಗಳ ಹಿಂದೆ, ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ. ಭಾಮೈದ ಅನಿಲ್‌ಕುಮಾರನ ಮದುವೆ ಗೊತ್ತಾಗಿತ್ತು. ಕೋಲಾರದಿಂದ ಡೀಜೆ ಕರೆಸೋಣ ಅಂತ ಮಾತು ಬಂತು. ಅದಕ್ಕೆ ಇವನು ಬೇಡ, ನಾನಿದ್ದೀನಿ ಅಂದುಬಿಟ್ಟ. ಅಂದಮೇಲೆ ಅವನಿಗೇ ಗಾಬರಿಯಾಯಿತು. ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಅವನಿಗೆ ಗೊತ್ತಿದ್ದ ಸಂಗೀತ ಅಂದರೆ ಬೆಲ್ಲು ಹೊಡೆಸುವುದು ಅಷ್ಟೇ.

ಹಾಗಾದರೆ ಯಾಕೆ ಅಂದ? ಅದಕ್ಕೂ ಒಂದು ಹೊಟ್ಟೆನೋವಿತ್ತು. ಹನ್ನೊಂದು ವರ್ಷದಿಂದ ಅವನು ಮನೆ ಅಳಿಯ. ಗೌನಿಪಲ್ಲಿ ಹತ್ತಿರದ ಆ ಊರಿನಲ್ಲಿ ಮಾವ ಅಶ್ವತ್ಥಪ್ಪನವರಿಗೆ ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಮನೆ. ಅಂಥ ಮನೆಯಲ್ಲಿ ಹುಳುವಿನ ಕೆಲಸ ಬಾರದ ಗಂಡಸಿಗೆ ಎಷ್ಟು ಬೆಲೆ ಇರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಂದವರು ಇವರು ಯಾರು ಅಂತ ಕೇಳಿದರೆ ಅಶ್ವತ್ಥಪ್ಪನವರು "ನಮ್ಮ ರಂಜಿತನ ಗಂಡ" ಅನ್ನುತ್ತಿದ್ದರು. ರಂಜಿತ ಅವರ ಸ್ವಂತ ಮಗಳು. ಆದರೂ "ನಮ್ಮ ಅಳಿಯ" ಅನ್ನೋ ಮಾತು ಅವರ ಬಾಯಿಂದ ಒಂದು ದಿನವೂ ಬಂದಿದ್ದಿಲ್ಲ. ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಆ ಮಾತು ಕೇಳಿಬಿಟ್ಟರೆ ಸಾಕು ಅಂತ ಮುರಳಿಯ ಆಸೆ. ಅಷ್ಟಕ್ಕೆ ಹುಳು ಸಾಕೋದು ಕಲಿಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ಅಷ್ಟು ಬುದ್ಧಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸರಿ, ಕೋಲಾರದಲ್ಲಿ ಯಾರೋ ಬೇಸತ್ತು ಮಾರುತ್ತಿದ್ದ ಮಿಡಿ ಕಂಟ್ರೋಲರ್ ಒಂದನ್ನು ತಂದ. ಮಿಡಿ ಅಂದರೆ ಉಪ್ಪಿನಕಾಯಿದಲ್ಲ ಅಂತ ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಬೇಕಾಯಿತು. ನೋಡೋಕೆ ಅಗಲವಾದ ಕಪ್ಪು ಹಲಗೆ. ಎಡಕ್ಕೊಂದು ಬಲಕ್ಕೊಂದು ತಿರುಗೋ ಚಕ್ರ, ಮಧ್ಯೆ ಅತ್ತಿತ್ತ ಜಾರಿಸೋ ಗುಂಡಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಎಡಗಡೆ ಒಂದು ಹಾಡು, ಬಲಗಡೆ ಒಂದು ಹಾಡು. ಮೊದಲನೆಯದು ಮುಗಿಯುವ ಮುಂಚೆ ಎರಡನೆಯದರ ವೇಗವನ್ನು ಅದಕ್ಕೆ ಸರಿಮಾಡಿ, ತಾಳಕ್ಕೆ ತಾಳ ಕೂರಿಸಿ, ಮಧ್ಯದ ಗುಂಡಿಯನ್ನು ಮೆಲ್ಲಗೆ ಜಾರಿಸಬೇಕು. ಕುಣಿಯೋರಿಗೆ ಹಾಡು ಬದಲಾಗಿದ್ದು ಗೊತ್ತೇ ಆಗಬಾರದು. ಫೋನಿನ ವೀಡಿಯೊದಲ್ಲಿ ಹೇಳಿಕೊಡುವವನು ಇದನ್ನು ಎರಡು ನಿಮಿಷದಲ್ಲಿ ಮಾಡಿ ತೋರಿಸುತ್ತಿದ್ದ. ಮುರಳಿಯ ಕೈಯಲ್ಲಿ ಎರಡು ತಿಂಗಳಾದರೂ ಆ ಹಾಡುಗಳು ಹೊಸದಾಗಿ ಜೋಡಿ ಕಟ್ಟಿದ ಎತ್ತುಗಳ ಹಾಗೆ ಒಂದು ಅತ್ತ ಎಳೆದರೆ ಒಂದು ಇತ್ತ ಎಳೆಯುತ್ತಿದ್ದವು. ಮೂರನೇ ತಿಂಗಳು ಹತ್ತು ಸಲಕ್ಕೆ ನಾಲ್ಕು ಸಲ ಕೂರತೊಡಗಿದವು. ಹಲ್ಲುಜ್ಜುವಾಗಲೂ ಒಂದು ಎರಡು ಮೂರು ನಾಲ್ಕು ಅಂತ ತಾಳ ಎಣಿಸುತ್ತಿದ್ದ. ಎಣಿಸೋದಾದ್ರೆ ಒಗೆಯೋ ಬಟ್ಟೆನಾದ್ರೂ ಎಣಿಸಿ ಅಂದಳು ರಂಜಿತ.

ಅಭ್ಯಾಸವೆಲ್ಲ ಹೆಡ್‌ಫೋನಿನಲ್ಲೇ. ಹುಳುವಿಗೆ ಗಲಾಟೆ ಆಗಬಾರದು ಅಂತ ಮಾವನ ಕಟ್ಟಪ್ಪಣೆ. ಹಾಗಾಗಿ ಅವನು ಏನು ಕಲಿತಿದ್ದಾನೆ ಅನ್ನೋದು ಅವನ ಎರಡು ಕಿವಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅದೂ ಒಂದು ರೀತಿ ಒಳ್ಳೇದೇ ಆಗಿತ್ತು.

ಬೈರಕೂರಿನಲ್ಲಿ, ಹುಡುಗಿ ಮೌನಿಕಾಳ ಊರಿನಲ್ಲಿ, ಮದುವೆ ಚೆನ್ನಾಗಿ ಆಯಿತು. ಮಾರನೇ ದಿನ ಗಂಡಿನ ಮನೆಯಲ್ಲಿ ಬೀಗರೂಟ. ಬೆಳಿಗ್ಗೆ ಚಪ್ಪರದ ಮೂಲೆಯಲ್ಲಿ ಮುರಳಿ ತನ್ನ ಹಲಗೆ ಜೋಡಿಸುತ್ತಿದ್ದಾಗ ಮಾವ ಮುಖ ಗಂಟು ಹಾಕಿಕೊಂಡು ಹುಳು ಮನೆಯಿಂದ ಬಂದರು. ಪುರೋಹಿತರು ಮದುವೆಗೆ ದಿನ ನೋಡಿದ್ದರೇ ಹೊರತು ಹುಳು ನಾಲ್ಕನೇ ಜ್ವರಕ್ಕೆ ಯಾವತ್ತು ಕೂರುತ್ತೆ ಅಂತ ಯಾರೂ ನೋಡಿರಲಿಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸಿ ಒಂದೂವರೆ ದಿನ ಅಲ್ಲಾಡದೆ ಮಲಗುತ್ತದಲ್ಲ, ಅದಕ್ಕೆ ಜ್ವರ ಅನ್ನೋದು. ನಾಲ್ಕನೆಯದೇ ಕೊನೆಯದು. ಆವಾಗ ಹುಳುವನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಾರೆ.

"ನೆನ್ನೆ ಸಾಯಂಕಾಲ ಮದುವೆಯಿಂದ ಬಂದು ನೋಡ್ದೆ, ಮಲಗಿದ್ವು. ನಾಳೆ ಬೆಳಿಗ್ಗೆ ಏಳಬೇಕು," ಅಂದರು ಅಶ್ವತ್ಥಪ್ಪ. "ಅಲ್ಲೀತನಕ ಈ ನಿನ್ನ ಡಬ್ಬ ಉಸಿರೆತ್ತಬಾರದು."

ಬೀಗರಿಗೆ ಡೀಜೆ ಇದೆ ಅಂತ ಆಗಲೇ ಹೇಳಿಯಾಗಿತ್ತು. ಅನಿಲ್ ಅತ್ತು ಕರೆದ. ಕೊನೆಗೆ ಅಶ್ವತ್ಥಪ್ಪನವರು ಒಂದು ದಾರಿ ಹುಡುಕಿದರು. ಸಣ್ಣ ಬಟ್ಟಲಲ್ಲಿ ಸುಣ್ಣ ತಂದು, ಮುರಳಿಯ ಹಲಗೆಯ ಮೇಲೆ ಶಬ್ದ ಏರಿಸುವ ಗುಂಡಿಯ ಪಕ್ಕದಲ್ಲಿ ಬೆರಳಿನಿಂದ ಒಂದು ಗೆರೆ ಎಳೆದರು. ಗುಂಡಿ ಈ ಗೆರೆ ದಾಟಿದರೆ, ಬೆಳೆ ಕೆಟ್ಟರೆ, ಅನ್ನ ಹಾಕೋ ಮನೆ ಬೇರೆ ನೋಡ್ಕೋ ಅಂದರು. ತಮಾಷೆಗೆ ಅಂದಿದ್ದಲ್ಲ ಅಂತ ಮುರಳಿಗೆ ಚೆನ್ನಾಗಿ ಗೊತ್ತಿತ್ತು.

ಬೀಗರು ಬಂದರು, ಮಟನ್ ಊಟ ಆಯಿತು, ಎಲೆ ಅಡಿಕೆ ಆಯಿತು. ನಾಲ್ಕೂವರೆಗೆ ಮುರಳಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ದೇವರನ್ನು ನೆನೆದು, ಶುರು ಮಾಡಿದ. ಏನು ಹೇಳಲಿ, ಆವತ್ತು ಅವನ ಕೈಯಲ್ಲಿ ಜಾದೂ ಇತ್ತು. ಮೊದಲನೇ ಹಾಡಿಗೆ ಎರಡನೆಯದು ಬೆಣ್ಣೆಯ ಹಾಗೆ ಬಂದು ಕೂತಿತು. ಎರಡನೆಯದಕ್ಕೆ ಮೂರನೆಯದು. ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ, ಸೊಂಟ ಕುಣಿಸಿದ. ಮೂರು ತಿಂಗಳ ಕಷ್ಟ ಸಾರ್ಥಕವಾಯಿತು ಅಂದುಕೊಂಡ. ಕಣ್ಣು ಬಿಟ್ಟು ನೋಡಿದರೆ ಇನ್ನೂರು ಜನ ಕುರ್ಚಿಗಳಲ್ಲಿ ಕೂತು ಅವನನ್ನೇ ದಿಟ್ಟಿಸುತ್ತಿದ್ದರು. ಒಬ್ಬರೂ ಅಲ್ಲಾಡುತ್ತಿಲ್ಲ. ರಂಜಿತ ಹತ್ತಿರ ಬಂದು ಹೆಡ್‌ಫೋನ್ ಕಿತ್ತು, "ರೀ, ಹೊರಗೆ ಏನೂ ಕೇಳಿಸ್ತಿಲ್ಲ, ಹತ್ತು ನಿಮಿಷದಿಂದ ನೀವೊಬ್ರೇ ಕುಣೀತಿದ್ದೀರ," ಅಂದಳು.

ಹೆಡ್‌ಫೋನಿಗೊಂದು ದಾರಿ, ಸ್ಪೀಕರಿಗೊಂದು ದಾರಿ ಅನ್ನೋದು ಅವನಿಗೆ ಮರೆತೇಹೋಗಿತ್ತು. ಮನೆಯಲ್ಲಿ ಸ್ಪೀಕರ್ ಇದ್ದರೆ ತಾನೆ ನೆನಪಿರೋದು. ಬೆವರು ಒರೆಸಿಕೊಂಡು ಎಲ್ಲ ಸರಿಮಾಡಿ ಸ್ಪೀಕರಿಗೆ ಬಿಟ್ಟ. ಶಬ್ದ ಬಂತು, ಸುಣ್ಣದ ಗೆರೆಯೊಳಗಿನ ಶಬ್ದ. ಮೌನಿಕಾಳ ದೊಡ್ಡಪ್ಪ ಗಂಗುಲಪ್ಪನವರು ಕಿವಿಗೆ ಕೈ ಅಡ್ಡ ಇಟ್ಟು ಕೇಳಿಸಿಕೊಂಡು, "ಇದೇಮಿ ಡೀಜೆ ಅಯ್ಯಾ, ಪಕ್ಕದ ಮನೆ ರೇಡಿಯೋ ಇದ್ದಂಗಿದೆ," ಅಂದರು. ಬೀಗರ ಕಡೆಯವರೆಲ್ಲ ನಕ್ಕರು. ಅನಿಲ್ ತಲೆ ತಗ್ಗಿಸಿದ. ಯಾರಪ್ಪ ಇದನ್ನು ಹಾಕ್ತಿರೋದು ಅಂತ ಗಂಗುಲಪ್ಪ ಕೇಳಿದ್ದಕ್ಕೆ ಅಶ್ವತ್ಥಪ್ಪನವರು ಬೇರೆ ಕಡೆ ನೋಡುತ್ತಾ, "ಅದು, ನಮ್ಮ ರಂಜಿತನ ಗಂಡ," ಅಂದು ಎದ್ದು ಹುಳು ನೋಡೋಕೆ ಹೋದರು.

ಮುರಳಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಅದೇ ಹೊತ್ತಿಗೆ ಎದುರುಮನೆ ಮುನಿರಾಮಪ್ಪ ಎದ್ದು ಬಂದ. ಇವನು ಒಂದು ಕಾಲದಲ್ಲಿ ಸುತ್ತಮುತ್ತಲ ಮದುವೆಗಳಿಗೆಲ್ಲ ಮೈಕ್ ಸೆಟ್ ಕಟ್ಟಿದ ಆಸಾಮಿ. ಬೆಳಗಿನಿಂದ ಅಲ್ಲೇ ನಿಂತು, ಎರಡು ಹಾಡು ಒಟ್ಟಿಗೆ ಯಾಕೆ ಹಾಕ್ತೀಯ, ಒಂದಾದ ಮೇಲೆ ಒಂದು ಹಾಕಿದ್ರೆ ಏನು ರೋಗ ಅಂತ ಪ್ರಾಣ ತಿಂದಿದ್ದ. ಈಗ ಬಗ್ಗಿ ಸುಣ್ಣದ ಗೆರೆ ನೋಡಿದ. ಆಮೇಲೆ ಮೇಜಿನ ಕೆಳಗಿದ್ದ, ಸ್ಪೀಕರಿನ ಶಬ್ದ ಏರಿಸೋ ಆಂಪ್ಲಿಫೈಯರ್ ನೋಡಿದ.

"ಗೆರೆ ಎಳೆದಿರೋದು ನಿನ್ನ ಹಲಗೆ ಮೇಲೆ ತಾನೆ ಕಣೋ. ಇದರ ಮೇಲೆ ಇಲ್ವಲ್ಲ," ಅಂತ ಅಂದವನೇ, ಮುರಳಿ ಬೇಡ ಅನ್ನುವಷ್ಟರಲ್ಲಿ ಅದರ ಗುಂಡಿಯನ್ನು ಕೊನೇವರೆಗೂ ತಿರುಗಿಸಿಬಿಟ್ಟ.

ಚಪ್ಪರ ನಡುಗಿತು. ಗಾಬರಿಯಲ್ಲಿ ಮುರಳಿಯ ಎರಡು ಕೈಯೂ ಎರಡು ಚಕ್ರದ ಮೇಲೆ ಬಿದ್ದವು. ಎರಡು ಹಾಡೂ ಒಟ್ಟಿಗೆ ಶುರುವಾಗಿ, ಒಂದರ ಮೇಲೊಂದು ಹತ್ತಿ, ಹಿಂದಕ್ಕೆ ಮುಂದಕ್ಕೆ ಕಿರ್ರ್ ಅಂತ ಎಳೆದಾಡಿದವು. ಅಷ್ಟು ಕೆಟ್ಟ ಸದ್ದನ್ನು ಆ ಊರು ಯಾವತ್ತೂ ಕೇಳಿರಲಿಲ್ಲ. ಬೀಗರ ಕಡೆ ಹುಡುಗರಿಗೆ ಅದೇ ಬೇಕಾಗಿತ್ತು, ಹೋ ಅಂತ ಎದ್ದು ಕುಣಿಯತೊಡಗಿದರು. ಗಂಗುಲಪ್ಪನವರೂ ಟವಲ್ ಬೀಸಿಕೊಂಡು ಎದ್ದರು. ಮುರಳಿ ಗುಂಡಿಗಳಿಗಾಗಿ ತಡಕಾಡುತ್ತಾ ತಲೆಯೆತ್ತಿದರೆ ಹುಳು ಮನೆ ಬಾಗಿಲಿಂದ ಅಶ್ವತ್ಥಪ್ಪನವರು ಓಡಿ ಬರುತ್ತಿದ್ದಾರೆ. ಪಂಚೆ ಒಂದು ಕಡೆ, ಟವಲ್ ಒಂದು ಕಡೆ. ಮುರಳಿ ಲ್ಯಾಪ್‌ಟಾಪಿನ ವೈರನ್ನೇ ಕಿತ್ತ. ಎಲ್ಲ ನಿಂತಿತು. ಹನ್ನೊಂದು ವರ್ಷದ ಅನ್ನ ಇವತ್ತಿಗೆ ಮುಗಿಯಿತು ಅಂತ ಕಣ್ಣು ಮುಚ್ಚಿ ನಿಂತ.

"ಎದ್ದುಬಿಟ್ವು," ಅಂದರು ಅಶ್ವತ್ಥಪ್ಪ ಏದುಸಿರು ಬಿಡುತ್ತಾ. "ಪೊರೆ ಬಿಟ್ಟು ತಲೆ ಎತ್ತಿ ಹರಿದಾಡ್ತಾ ಇದ್ದಾವೆ ಕಣ್ರೋ. ಒಂದೂ ಬಾಕಿ ಇಲ್ದಂಗೆ ಒಟ್ಟಿಗೆ ಎದ್ದಿದ್ದಾವೆ. ನಾಳೆ ಏಳಬೇಕಾಗಿದ್ದವು ಇವತ್ತೇ."

ಹಿಂದೆ ಮುಂದೆ ಏಳುವ ಹುಳುವಿನಿಂದ ಎಷ್ಟು ತಲೆನೋವು ಅಂತ ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಗಂಗುಲಪ್ಪನವರೂ ಹುಳು ಸಾಕೋರೇ. ಎಲ್ಲರೂ ಕಿಟಕಿಗೆ ಮುತ್ತಿಕೊಂಡು ನೋಡಿ ಬೆರಗಾದರು. ಸೊಪ್ಪು ತನ್ನಿ ಅಂದರು ಮಾವ. ಅತ್ತೆ ರಾಮಲಕ್ಷ್ಮಮ್ಮ ಕೂಡಲೇ ಹಸಿ ಗೋಣಿ ಸರಿಸಿ ಕಂತೆ ಕಂತೆ ಸೊಪ್ಪು ಕೊಟ್ಟರು. ಐದೇ ನಿಮಿಷದಲ್ಲಿ ಹುಳು ಮನೆಯೊಳಗೆ ಸಣ್ಣ ಮಳೆ ಬಂದ ಹಾಗೆ ತಿನ್ನುವ ಸದ್ದು ಶುರುವಾಯಿತು. ಅಶ್ವತ್ಥಪ್ಪನವರು ಹೊರಗೆ ಬಂದು, ಕಿತ್ತ ವೈರು ಹಿಡಿದೇ ನಿಂತಿದ್ದ ಮುರಳಿಯ ಭುಜದ ಮೇಲೆ ಕೈ ಹಾಕಿದರು. ಇನ್ನೂರು ಜನರ ಮುಂದೆ ಗಂಟಲೆತ್ತಿ ಹೇಳಿದರು.

"ಗಂಗುಲಪ್ಪನೋರೆ, ಯಾರು ಅಂತ ಕೇಳಿದ್ರಲ್ಲ. ಇವನು ನಮ್ಮ ಅಳಿಯ. ಇವನ ಡೀಜೆಗೇ ಹುಳು ಎದ್ದಿರೋದು."

ಮುರಳಿಯ ಕಣ್ಣಲ್ಲಿ ನೀರು ಬಂತು. ಆ ಸುಖ ಸುಮಾರು ಮುಕ್ಕಾಲು ಗಂಟೆ ಇತ್ತು. ಅಷ್ಟರಲ್ಲಿ ಮುನಿರಾಮಪ್ಪ ಬಂದು, ತನ್ನ ಹುಳು ಭಾನುವಾರ ಎರಡನೇ ಜ್ವರಕ್ಕೆ ಕೂರುತ್ತೆ, ಸೋಮವಾರಕ್ಕೆ ಬಂದು ಎಬ್ಬಿಸಿಕೊಡಬೇಕು ಅಂತ ಹೇಳಿ ಹೋದ. ಊರಿನ ಇನ್ನಿಬ್ಬರು ದಿನ ಹೇಳಿದರು. ಗಂಗುಲಪ್ಪನವರು ಬೈರಕೂರಿಂದ ಜೀಪು ಕಳಿಸ್ತೀನಿ ಅಂದರು. ಬೀಗರ ಹುಡುಗರು ಇನ್ನೊಂದು ಹಾಡು ಅಂತ ಕೇಳಿದ್ದಕ್ಕೆ ಮಾವ, ಹುಳು ಎದ್ದಾಯ್ತಲ್ಲ, ಇನ್ನು ಯಾಕೆ ಸುಮ್ಮನೆ ಅಂತ ಹಲಗೆಯ ಮೇಲೆ ಟವಲ್ ಮುಚ್ಚಿದರು.

ಬೀಗರು ಬಸ್ಸು ಹತ್ತಿದ ಮೇಲೆ ಮುರಳಿ ಹಿತ್ತಲಿಗೆ ಬಂದ. ಅತ್ತೆ ಒಬ್ಬರೇ ಕೂತು ಖಾಲಿ ಗೋಣಿಗಳನ್ನು ಮಡಚುತ್ತಿದ್ದರು. ರಾಮಲಕ್ಷ್ಮಮ್ಮ ಅವನ ತಂದೆಯ ಒಡಹುಟ್ಟಿದ ತಂಗಿ, ಎತ್ತಿ ಆಡಿಸಿದವರು. ಅವನ ತಲೆಯಲ್ಲಿ ಏನೋ ಕೊರೆಯುತ್ತಿತ್ತು.

"ಅತ್ತೆ, ಹುಳು ಏಳೋದು ನಾಳೆ ಅಂದ್ರೆ, ಇಷ್ಟು ಸೊಪ್ಪು ಇವತ್ತೇ ಯಾವಾಗ ಕೊಯ್ಸಿದ್ರಿ?"

"ಮಧ್ಯಾಹ್ನ," ಅಂದರು ರಾಮಲಕ್ಷ್ಮಮ್ಮ. "ಇವತ್ತು ಐದು ಗಂಟೆಗೆ ಏಳ್ತವೆ ಅಂತ ಗೊತ್ತಿತ್ತಲ್ಲ. ನಿಮ್ಮ ಮಾವ ವರಪೂಜೆಗೆ ಅಂತ ಮೊನ್ನೆನೇ ಹೋದ್ರು. ಹುಳು ಮಲಗಿದ್ದು ನೆನ್ನೆ ಬೆಳಗಿನ ಜಾವ, ನಾನು ಮದುವೆಗೆ ಹೊರಡೋಕೆ ಮುಂಚೆ. ಅವರು ಸಾಯಂಕಾಲ ಬಂದು ನೋಡಿ ಆವಾಗ್ಲೇ ಮಲಗಿದ್ದು ಅಂದ್ಕೊಂಡ್ರು. ನನ್ನ ಒಂದು ಮಾತು ಕೇಳಿದ್ರೆ ತಾನೆ ಹೇಳೋದು."

ಮಾವನಿಗೆ ಹೋಗಿ ಇದ್ದಿದ್ದು ಇದ್ದ ಹಾಗೆ ಹೇಳಿಬಿಡಲಾ ಅಂತ ಮುರಳಿ ಕೇಳಿದ.

"ಹೇಳು. ನಾಳೆಯಿಂದ ಮತ್ತೆ ರಂಜಿತನ ಗಂಡ ಆಗ್ತೀಯ."

ಅವನು ಬೆರಳು ಮಡಚಿ ಲೆಕ್ಕ ಹಾಕತೊಡಗಿದ. ಸೋಮವಾರ ಮುನಿರಾಮಪ್ಪನ ಮನೆ, ಆಮೇಲೆ ಆ ಇಬ್ಬರು, ಆಮೇಲೆ ಬೈರಕೂರಿನ ಜೀಪು. ಒಂದು ಬೆಳೆಗೆ ನಾಲ್ಕು ಜ್ವರ, ಒಂದೊಂದು ಜ್ವರಕ್ಕೂ ಹುಳು ತಾನಾಗಿ ಏಳುವ ಗಂಟೆಗೆ ಸರಿಯಾಗಿ ಹೋಗಿ ಹಾಡು ಹಾಕಬೇಕು. ಒಂದು ಗಂಟೆ ಆಚೀಚೆ ಆದರೂ ಬಣ್ಣ ಬಯಲು. ಹುಳು ಯಾವಾಗ ಮಲಗುತ್ತೆ, ಹೇಗೆ ಮಲಗುತ್ತೆ, ಚಳಿಗೆ ಎಷ್ಟು ಗಂಟೆ, ಸೆಕೆಗೆ ಎಷ್ಟು ಗಂಟೆ, ಒಂದೂ ಅವನಿಗೆ ಗೊತ್ತಿಲ್ಲ. ಹನ್ನೊಂದು ವರ್ಷ ಉಪಾಯವಾಗಿ ತಪ್ಪಿಸಿಕೊಂಡ ವಿದ್ಯೆ.

"ಅತ್ತೆ, ಆ ಎಣಿಕೆ ನಂಗೆ ಹೇಳಿಕೊಡ್ತೀರಾ?" ಅಂದ ಸಣ್ಣ ದನಿಯಲ್ಲಿ.

ರಾಮಲಕ್ಷ್ಮಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ನಗು ತಡೆದುಕೊಂಡಿದ್ದು ಗೊತ್ತಾಗುತ್ತಿತ್ತು.

"ಅದು ವೀಡಿಯೊ ನೋಡಿ ಬರೋದಲ್ಲ ಮುರಳಿ. ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ನನ್ನ ಜೊತೆ ಹುಳುವಿನ ಕಸ ತೆಗೆಯೋಕೆ ಬಾ. ಮೊದಲು ನೀನು ಏಳೋದು ಕಲಿ."