ಗೇರ್‌ಬಾಕ್ಸಿನ ಕೂಲಂಕಷ ಪರೀಕ್ಷೆ

ಯಾರು ಏನೇ ಹೇಳಲಿ, ಪಾಟೀಸವಾಲು ಹಾಕದೆ ನಂಬಬಾರದು ಎಂಬುದು ವಕೀಲನಾದ ನನ್ನ ಸಿದ್ಧಾಂತ. ಈ ಸಿದ್ಧಾಂತದಿಂದ ದಾವಣಗೆರೆ ಕೋರ್ಟಿನಲ್ಲಿ ಒಂದೆರಡು ಕೇಸು ಗೆದ್ದದ್ದೂ ಉಂಟು. ಹಾಗಿರುವಾಗ ಯಃಕಶ್ಚಿತ್ ಒಂದು ಗೇರ್‌ಬಾಕ್ಸು ನನ್ನ ಮುಂದೆ ಏನು ಮಹಾ?

ಆಗ ನಮ್ಮ ಪಿ.ಜೆ. ಬಡಾವಣೆಯಲ್ಲಿ ಕಾರಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನನ್ನ ಕಾರು ಕೊಂಡಾಗಲೇ ಹಳೆಯದು. ಹಿಂದಿನ ಯುಗಾದಿಗೆ ಹರಿಹರದಿಂದ ಮಾವನವರನ್ನು ಕರೆತರುವಾಗ ದಾರಿಯಲ್ಲಿ ಬಾತಿ ಹಳ್ಳಿಯ ಹತ್ತಿರ ಅದರ ಗೇರ್‌ಬಾಕ್ಸು ಕೈಕೊಟ್ಟಿತು. ಮಾವನವರು ಜರಿ ರುಮಾಲನ್ನು ತೆಗೆದು ಸೀಟಿನ ಮೇಲಿಟ್ಟು, ಕೆಳಗಿಳಿದು ಕಾರು ತಳ್ಳಿದರು. ತಳ್ಳುವಾಗ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆದ್ದರಿಂದ ನಾದಿನಿಯ ಮದುವೆ ಹರಿಹರದಲ್ಲಿ ಎಂದು ಗೊತ್ತಾದ ಕೂಡಲೇ ನಾನು ಪಣ ತೊಟ್ಟೆ. ವರ ದಾವಣಗೆರೆಯ ಲೆಕ್ಕದ ಮೇಷ್ಟ್ರು. "ಮದುಮಗ ನನ್ನ ಕಾರಿನಲ್ಲೇ ಬರ್ತಾನೆ!" ಎಂದು ಘೋಷಿಸಿದೆ. ಮಾವನವರು ತಮ್ಮ ರುಮಾಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಆಗ್ಲಿ ಅಳಿಯಂದ್ರೇ. ಆದ್ರೆ ಈ ಸಲ ನನ್ನ ಕೈಲಿ ತಳ್ಳಾಕ ಆಗಂಗಿಲ್ಲ ನೋಡ್ರಿ. ಮಗಳನ್ನ ಧಾರೆ ಎರೀಬೇಕು."

ಈ ಮಾತಿಗೆ ಉತ್ತರ ಕೊಡಲೇಬೇಕಿತ್ತು. ಹರಿಹರದ ಕಾರು ರಿಪೇರಿಯ ಖಾದರ್ ಮಿಸ್ತ್ರಿಗಳು ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಹೊಸ ಭಾಗ ಹಾಕಿ, ಮತ್ತೆ ಕಟ್ಟಿದರು. ಮದುವೆಯ ಹಿಂದಿನ ದಿನ ಅದನ್ನು ನಮ್ಮ ಮನೆಗೆ ತಂದಿಳಿಸಿದರು.

"ವಕೀಲ್ ಸಾಹೇಬ್ರೇ, ಎಲ್ಲಾ ಗೇರು ಹಾಕಿ ನೋಡೀನಿ. ಬೆಳಿಗ್ಗೆ ಬಂದು ಕೂಡಿಸ್ತೀನಿ. ಅಲ್ಲೀತನಕ ಮುಟ್ಟಬ್ಯಾಡ್ರಿ."

ಮುಟ್ಟಬೇಡಿ ಎನ್ನುವವನು ಏನನ್ನೋ ಮುಚ್ಚಿಡುತ್ತಿರುತ್ತಾನೆ. ಇದು ನನ್ನ ಎರಡನೆಯ ಸಿದ್ಧಾಂತ.

ಸಂಜೆ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಗೇರ್‌ಬಾಕ್ಸನ್ನು ಕಟಕಟೆಗೆ ಏರಿಸಿದೆ. ಪಕ್ಕದ ಮನೆಯ ಬಟ್ಟೆ ಅಂಗಡಿ ಹಾಲಪ್ಪನವರನ್ನು ಸಾಕ್ಷಿಗೆ ಕರೆದೆ. ನಮ್ಮೂರಿನಲ್ಲಿ ನಾಲ್ಕು ಜನ ಕೂತ ಕಡೆ ಮಂಡಕ್ಕಿ ಇರಬೇಕಲ್ಲ, ಇಬ್ಬರಿದ್ದರೂ ಇರಬೇಕು. ಗೇರ್‌ಬಾಕ್ಸಿನ ಪಕ್ಕದಲ್ಲೇ ಪೇಪರ್ ಹಾಸಿ ಖಾರ ಮಂಡಕ್ಕಿ ಸುರಿದದ್ದಾಯಿತು.

"ರೀ, ಮಿಸ್ತ್ರಿ ಮುಟ್ಟಬ್ಯಾಡ ಅಂದಾರಲ್ರೀ?" ಎಂದಳು ನನ್ನ ಹೆಂಡತಿ ಗಿರಿಜಾ.

"ಮುಟ್ಟೋದಿಲ್ಲ. ಪರೀಕ್ಷೆ ಮಾಡ್ತೀನಿ."

ನಾನು ಮುಂದಿನ ದಂಡವನ್ನು ಕೈಯಿಂದ ತಿರುಗಿಸುವುದು, ಹಾಲಪ್ಪನವರು ಹಿಂದಿನ ದಂಡವನ್ನು ನೋಡಿ ವರದಿ ಕೊಡುವುದು. ಒಂದನೇ ಗೇರಿಗೆ ನಿಧಾನ ತಿರುಗಿತು. ಎರಡನೆಯದಕ್ಕೆ ಇನ್ನಷ್ಟು ಜೋರು. ಟಾಪಿನಲ್ಲಿ ಮುಂದೆ ಒಂದು ಸುತ್ತಿಗೆ ಹಿಂದೆಯೂ ಒಂದು ಸುತ್ತು. ರಿವರ್ಸ್ ಹಾಕಿದರೆ ಉಲ್ಟಾ. ನ್ಯೂಟ್ರಲ್‌ನಲ್ಲಿ ಅಲ್ಲಾಡಲಿಲ್ಲ.

"ಎಲ್ಲಾ ಬರೋಬ್ಬರಿ ಐತೆ ಬಿಡ್ರಿ ವಕೀಲ್ರೇ," ಎಂದರು ಹಾಲಪ್ಪನವರು, ಮಂಡಕ್ಕಿಗೆ ಕೈ ಹಾಕುತ್ತಾ.

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಆದರೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಡುವ ಸಾಕ್ಷಿ ಎಂದರೆ ಹೇಳಿಕೊಟ್ಟ ಸಾಕ್ಷಿ! ನನಗೆ ಸಂಶಯ ಬಂತು. ಗೇರ್‌ಬಾಕ್ಸಿನ ಮೇಲೆ ನಾಲ್ಕು ಸ್ಕ್ರೂ ಹಾಕಿದ ಒಂದು ಪುಟ್ಟ ತಗಡಿತ್ತು. ಸತ್ಯ ಅದರಡಿಯಲ್ಲಿರಬೇಕೆಂದು ತೀರ್ಮಾನಿಸಿ ಸ್ಕ್ರೂಡ್ರೈವರ್ ತಂದೆ.

ಸತ್ಯ ಅದರಡಿಯಲ್ಲೇ ಇತ್ತು. ಟಣ್! ಟಣ್! ಎಂದು ಹಾರಿತು!

ಮೂರು ಸ್ಪ್ರಿಂಗು, ಅವುಗಳ ಹಿಂದೆಯೇ ಪುಟ್ಟ ಉಕ್ಕಿನ ಗುಂಡುಗಳು. ಸ್ಪ್ರಿಂಗುಗಳೇನೋ ಕಾಲ ಬುಡದಲ್ಲೇ ಸಿಕ್ಕವು. ಗುಂಡುಗಳಿಗಾಗಿ ಬಾರ್ ಕೌನ್ಸಿಲ್ ನೋಡಬಾರದಂಥ ಭಂಗಿಯಲ್ಲಿ ಪಡಸಾಲೆಯೆಲ್ಲ ಹರಿದಾಡಿದೆ. ಎರಡು ಸಿಕ್ಕವು. ಅವು ಕೂರುವ ಕುಳಿ ಮಾತ್ರ ಮೂರಿದ್ದವು.

"ಇನ್ನೊಂದು?" ಎಂದಳು ಗಿರಿಜಾ.

"ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಮೂರನೆಯದು ಬೇಕಾಗಿಲ್ಲ," ಎಂದು ಸಿಕ್ಕಿದ್ದನ್ನು ಕುಳಿಗಳಿಗೆ ಹಾಕಿ, ತಗಡು ಮುಚ್ಚಿ ಸ್ಕ್ರೂ ಬಿಗಿದೆ.

ಅಷ್ಟರಲ್ಲಿ ಹಾಲಪ್ಪನವರು "ಅಯ್ಯಯ್ಯಪ್ಪಾ!" ಎಂದು ದವಡೆ ಹಿಡಿದುಕೊಂಡರು. "ಮಂಡಕ್ಕ್ಯಾಗ ಕಲ್ಲು ಐತ್ರೀ! ಹಲ್ಲು ಹೋತು!" ಬಾಯಲ್ಲಿದ್ದುದನ್ನು ಮಂಡಕ್ಕಿ ಸಮೇತ ಕರವಸ್ತ್ರಕ್ಕೆ ಉಗುಳಿದರು. ನನ್ನ ವೃತ್ತಿಧರ್ಮ ಜಾಗೃತವಾಯಿತು.

"ಆ ಕಲ್ಲನ್ನು ಹಾಗೇ ಗಂಟು ಕಟ್ಟಿ ಜೋಪಾನವಾಗಿಡ್ರಿ ಹಾಲಪ್ಪನವರೇ! ಅದು ಸಾಕ್ಷ್ಯ. ಮಂಡಕ್ಕಿ ಅಂಗಡಿಯವನಿಗೆ ನೋಟಿಸ್ ಕೊಡೋಣ!"

ನಾನು ಎಂಥ ಮೇಧಾವಿ ವಕೀಲನೆಂದು ನೀವೇ ಊಹಿಸಿಕೊಳ್ಳಿ.

ಬೆಳಿಗ್ಗೆ ಮಿಸ್ತ್ರಿಗಳು ಬಂದು ಗೇರ್‌ಬಾಕ್ಸ್ ಕೂಡಿಸಿದರು. "ಬಿಚ್ಚಿಲ್ಲ ತಾನೆ?" ಎಂದು ಕೇಳಿದರು. "ನಾನೇನು ಮೆಕ್ಯಾನಿಕ್ಕೇ?" ಎಂದೆ. ಇದು ಸುಳ್ಳಲ್ಲ. ಓಣಿಯಲ್ಲಿ ಒಂದು ಸುತ್ತು ಹಾಕಿ ಸರಿ ಎಂದರು. ಓಣಿಯಲ್ಲಿ ಟಾಪ್ ಗೇರ್ ಹಾಕಲು ಜಾಗವೆಲ್ಲಿ? ತಾವೂ ಮದುವೆಗೆ ಬರುವುದಾಗಿ ಹೇಳಿ ಅವರು ಹೊರಟರು. ಹಾಲಪ್ಪನವರು ಊದಿದ ದವಡೆಯೊಡನೆ ದಿಬ್ಬಣದ ಬಸ್ಸು ಹತ್ತಿದರು. ಮದುಮಗ ನನ್ನ ಪಕ್ಕ ಕೂತ, ಗಿರಿಜಾ ಹಿಂದೆ ಕೂತಳು.

ಊರು ದಾಟಿ ಟಾಪ್ ಹಾಕಿದೆ. ಕಾರು ಹೂವಿನ ಹಾಗೆ ಓಡಿತು. ಬಾತಿ ಬಂತು. ಅಕ್ಸಿಲರೇಟರ್‌ನಿಂದ ಕಾಲು ತೆಗೆದೆನೋ ಇಲ್ಲವೋ, ಟಕ್ ಎಂದು ಗೇರು ತಾನಾಗಿಯೇ ಹೊರಬಂತು! ಮತ್ತೆ ಹಾಕಿದೆ. ಮತ್ತೆ ಟಕ್! ಕೈಯಿಂದ ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತಿತ್ತು. ಮೂರನೆಯ ಗುಂಡಿನ ಕೆಲಸವೇನೆಂದು ನನಗೆ ಆಗ ತಿಳಿಯಿತು.

"ಮೇಷ್ಟ್ರೇ, ಮುಹೂರ್ತಕ್ಕೆ ಹೊತ್ತಾಗ್ತದೆ. ಇದನ್ನ ಸ್ವಲ್ಪ ಹಿಡ್ಕೊಳ್ರಿ. ಏನೇ ಆದ್ರೂ ಬಿಡಬ್ಯಾಡ್ರಿ!"

ಪಾಪ, ಕಂಕಣ ಕಟ್ಟಿದ ಕೈಯಲ್ಲಿ ಮದುಮಗ ಗೇರು ಹಿಡಿದ. ಅದು ಗಡಗಡ ನಡುಗುತ್ತಿತ್ತು. ಅದರ ಜೊತೆ ಅವನ ಕೈ, ಭುಜ, ಪೇಟ, ಎಲ್ಲವೂ ನಡುಗಿದವು. ಹರಿಹರ ಬರುವವರೆಗೆ ಬಿಡಲಿಲ್ಲ. ಕಾರು ಚಪ್ಪರದ ಮುಂದೆ ನಿಂತಿತು. ಯಾರೂ ತಳ್ಳಲಿಲ್ಲ! ನಾನು ಮಾವನವರ ಕಡೆ ಜಯಶಾಲಿಯಾಗಿ ನೋಡಿದೆ.

ಜಯ ತಾಳಿ ಕಟ್ಟುವವರೆಗೆ ಇತ್ತು. ಕಾರು ನಿಂತರೂ ಮದುಮಗನ ಕೈ ನಿಂತಿರಲಿಲ್ಲ. ಕೈಯಲ್ಲಿದ್ದ ತಾಳಿ ಗಡಗಡ ಅಲ್ಲಾಡುತ್ತಿತ್ತು, ಗಂಟು ಬೀಳುತ್ತಿರಲಿಲ್ಲ. ಹುಡುಗಿಯ ಸೋದರತ್ತೆ ಎದ್ದು ನಿಂತರು.

"ನಿಲ್ಸ್ರಿ! ಹುಡುಗಗ ನರದ ರೋಗ ಐತೆ! ಕಣ್ಣಿಗೆ ಕಾಣಂಗಿಲ್ಲೇನ್ರಿ? ಮೊದ್ಲು ಡಾಕ್ಟರ್‌ನ ಕರೀರಿ, ಆಮ್ಯಾಲೆ ತಾಳಿ!"

ವಾಲಗ ನಿಂತಿತು. ಮಾವನವರ ಮುಖ ಬಿಳಿಚಿತು. "ಇಲ್ರೀ, ಇದು ಗೇರು..." ಎಂದ ಮದುಮಗ. ರೋಗ ತಲೆಗೂ ಏರಿದೆ ಎಂದು ಸೋದರತ್ತೆಗೆ ಖಾತ್ರಿಯಾಯಿತು. ನಾದಿನಿಯ ಕಣ್ಣಲ್ಲಿ ನೀರು ಕಂಡೆ. ಮಂಟಪ ಹತ್ತಿದೆ.

"ಹುಡುಗ ಗಟ್ಟಿಮುಟ್ಟಾಗಿದ್ದಾನೆ! ನಡುಕ ನನ್ನ ಕಾರಿನದು. ಗೇರ್‌ಬಾಕ್ಸ್ ಬಿಚ್ಚಿ ಒಂದು ಉಕ್ಕಿನ ಗುಂಡು ಕಳೆದವನು ನಾನು!"

"ಅದಕ್ಕೇನು ಸಾಕ್ಷಿ?" ಎಂದರು ಸೋದರತ್ತೆ. ಎಂಥ ಪ್ರಶ್ನೆ! ಆಕೆ ವಕೀಲಿ ಓದಿದ್ದರೆ ನಾನು ಉಪವಾಸ ಬೀಳುತ್ತಿದ್ದೆ.

ಚಪ್ಪರದ ಮೂಲೆಯಿಂದ ಹಾಲಪ್ಪನವರು ನಿಧಾನವಾಗಿ ಎದ್ದರು. ಕರವಸ್ತ್ರದ ಗಂಟು ಬಿಚ್ಚಿದರು. ಒಣಗಿದ ಮಂಡಕ್ಕಿಯ ನಡುವೆ ಗುಂಡು ಫಳಫಳ ಹೊಳೆಯಿತು.

"ವಕೀಲ್ರೇ, ನೋಟಿಸ್ ಕೊಡಾನ ಅಂದಿದ್ರಲ್ಲ... ಈಗ ಯಾರಿಗೆ ಕೊಡಾನ್ರಿ?"

ಮೊದಲು ನಕ್ಕವಳು ಮದುಮಗಳು. ಆಮೇಲೆ ಚಪ್ಪರವೇ ನಕ್ಕಿತು. ನಗುತ್ತಾ ನಗುತ್ತಾ ಮದುಮಗನ ಕೈ ಸಡಿಲವಾಗಿ ನಡುಕ ನಿಂತಿತು. ತಾಳಿಯ ಗಂಟು ಬಿತ್ತು, ಅಕ್ಷತೆ ಬಿತ್ತು. ಅರ್ಧ ಅಕ್ಷತೆ ನನ್ನ ಮೇಲೆ ಬಿತ್ತು!

ಊಟಕ್ಕೆ ಕೂತಾಗ ಮಾವನವರು ತಾವೇ ಬಂದು ನನ್ನ ಎಲೆಗೆ ಹೋಳಿಗೆ ಬಡಿಸಿದರು. ಒಂದು ಮಾತೂ ಆಡಲಿಲ್ಲ. ಅದೇ ಬಾತಿಯ ಮೌನ. ಮಿಸ್ತ್ರಿಗಳು ಗುಂಡನ್ನು ತೊಳೆದು ಅದರ ಜಾಗಕ್ಕೆ ಸೇರಿಸಿದರು. ಆದರೂ ಮದುಮಕ್ಕಳು ಬಸ್ಸಿನಲ್ಲೇ ದಾವಣಗೆರೆಗೆ ಬಂದರು.

ಆ ಗೇರ್‌ಬಾಕ್ಸು ಇಂದಿಗೂ ಗಟ್ಟಿಯಾಗಿದೆ. ಕಾರಣ, ಗಿರಿಜಾ ನನ್ನ ಸ್ಕ್ರೂಡ್ರೈವರನ್ನು ತನ್ನ ಒಡವೆಗಳ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಅದು ವಾಪಸ್ ಬೇಕೆಂದು ಹಲವು ಸಲ ಅರ್ಜಿ ಹಾಕಿದ್ದೇನೆ. ವಾದವನ್ನೂ ಮಂಡಿಸಿದ್ದೇನೆ.

ಪ್ರತಿ ಸಲವೂ ವಜಾ!