ಸುಮಾರು ಎನ್ನದ ಮಾವ

ಬಾಯಿ ಬಿಟ್ಟರೆ ಸುಳ್ಳು ಹೇಳುವವರನ್ನು ಹೇಗೋ ಸಹಿಸಬಹುದು, ನಮ್ಮ ಸೋದರಮಾವನಂಥವರನ್ನು ಸಹಿಸುವುದು ಕಷ್ಟ! ಬನಹಟ್ಟಿಯ ಅವರ ಮನೆಯಲ್ಲಿ ಯಾರೂ 'ಸುಮಾರು' ಎನ್ನುವಂತಿಲ್ಲ. ಎಂದವರಿಗೆ ಚಹಾ ಸಿಗುವುದಿಲ್ಲ. ಪಕ್ಕದ ಓಣಿಯಲ್ಲೇ ಇರುವ ನಾನು ಹೀಗೆ ಎಷ್ಟು ಚಹಾ ಕಳೆದುಕೊಂಡಿದ್ದೇನೋ.

ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಸುಮ್ಮನೆ ಮಠಕ್ಕೆ ಹೋಗಿ ಕೂಡಬಾರದೇ? ಇವರಿಗೆ ಇಂಟರ್ನೆಟ್ಟಿನ ಲೆಕ್ಕದ ಒಗಟುಗಳ ಹುಚ್ಚು ಹಿಡಿಯಿತು. ಒಂದು ಸಂಖ್ಯೆಯ ವರ್ಗಮೂಲವನ್ನು ನೂರು ಅಂಕಿಗಳವರೆಗೆ ಕೇಳುವಂಥ ಒಗಟುಗಳು. ಪ್ರೋಗ್ರಾಮ್ ಬರೆದು ಉತ್ತರ ಹಾಕಬೇಕು. ಕೊನೆಯ ಅಂಕಿ ತಪ್ಪಿದರೂ ಪರದೆಯ ಮೇಲೆ ಕೆಂಪು ಗುರುತು! ಕಂಪ್ಯೂಟರು ಮಾತ್ರ ಹದಿನೈದೋ ಹದಿನಾರೋ ಅಂಕಿ ಸರಿಯಾಗಿ ಹೇಳಿ ಮುಂದಿನದಕ್ಕೆ ಏನೋ ಒಂದು ಹಾಕಿಬಿಡುತ್ತದಂತೆ. "ಉಳದದ್ದು ಅಂದಾಜಿನ ಮ್ಯಾಲ ಹೇಳತೈತಿ, ಕಳ್ಳ" ಎಂದು ಮಾವ ಅದನ್ನು ಬೈದರು. ಆಮೇಲೆ ದೊಡ್ಡ ಸಂಖ್ಯೆಯನ್ನು ತುಂಡು ತುಂಡು ಮಾಡಿ, ಶಾಲೆಯ ಮಕ್ಕಳಂತೆ ದಶಕ ಹಿಡಿದು ಕೂಡಿಸುವುದನ್ನು ಅದಕ್ಕೆ ಕಲಿಸಿದರು. ಓಣಿಯ ಮಗ್ಗಗಳೆಲ್ಲ ಖಟಖಟ ಎನ್ನುವಾಗ ಇದೂ ಗುಂಯ್ ಎನ್ನುತ್ತ ಲೆಕ್ಕ ಮಾಡುತ್ತಿತ್ತು. ಕರೆಂಟು ಹೋದರೆ ಮಗ್ಗದವರಿಗಿಂತ ಹೆಚ್ಚು ಇವರೇ ಶಾಪ ಹಾಕುತ್ತಿದ್ದರು.

ಕೆಂಪು ಗುರುತು ಬಂದ ದಿನ ಮನೆಯಲ್ಲಿ ಸೂತಕ. ಮಾವ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು, ಅತ್ತೆ ಅನ್ನ-ಸಾರಿನಲ್ಲೇ ಊಟ ಮುಗಿಸುತ್ತಿದ್ದರು. ಹಸಿರು ಗುರುತು ಬಂದರೆ ಮಾತ್ರ ಬೆಲ್ಲ-ತುಪ್ಪದ ಮಾದಲಿ. ಅದೇನು ಒಗಟು ಎಂದು ಅತ್ತೆ ಕೇಳಿದವರೇ ಅಲ್ಲ, ಗುರುತಿನ ಬಣ್ಣವನ್ನಷ್ಟೇ ಕೇಳಿ ಒಲೆ ಹಚ್ಚುತ್ತಿದ್ದರು.

ಒಮ್ಮೆ ಇಬ್ಬರೂ ಲೋಕಾಪುರದ ಮದುವೆಗೆ ಹೊರಟರು. ಮುಧೋಳದಲ್ಲಿ ಬಸ್ಸು ನಿಂತಿತು. ಎಷ್ಟು ಹೊತ್ತು ನಿಲ್ಲುತ್ತದೆ ಎಂದರೆ ಕಂಡಕ್ಟರು ಸುಮಾರು ಹತ್ತು ಮಿನಿಟು ಎಂದುಬಿಟ್ಟ! ಸರಿಯಾದ ಹೊತ್ತು ಕೇಳಲು ಮಾವ ಇಳಿದು ನಿಲ್ದಾಣದ ಆಫೀಸಿಗೆ ಹೋದರು. ಅಲ್ಲಿ ವಾದ ಮುಗಿಸಿ ಬರುವಷ್ಟರಲ್ಲಿ ಬಸ್ಸೂ ಇಲ್ಲ, ಅತ್ತೆಯೂ ಇಲ್ಲ. "ಒಂದು ಅಂಕಿನೂ ಬಿಡದವ್ರು, ಹೆಂಡ್ತಿನ್ನ ಬಿಟ್ಟು ನಿಂತ್ರು" ಎಂದು ಅತ್ತೆ ಮದುವೆಮನೆ ತುಂಬ ಹೇಳಿಕೊಂಡು ನಕ್ಕರು.

ಹಾಗೆ ನಗುತ್ತಿದ್ದ ಅತ್ತೆ ಹೋದ ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ಅವರನ್ನು ಮನೆಯಲ್ಲೇ ಬಿಟ್ಟು ಮಾವ ಮತ್ತು ನಾನು ಅವರ ರಕ್ತಪರೀಕ್ಷೆಯ ಕಾಗದಗಳನ್ನು ತೆಗೆದುಕೊಂಡು ಜಮಖಂಡಿಗೆ ಹೋದೆವು. ಡಾಕ್ಟರು ಎಲ್ಲವನ್ನೂ ನೋಡಿ, ಇನ್ನು ಸುಮಾರು ಆರು ತಿಂಗಳು ಎಂದರು. ಆ ದುಃಖದಲ್ಲೂ ನನಗೆ, ಇವರು 'ಸುಮಾರು' ಎಂದದ್ದಕ್ಕೆ ಜಗಳ ತೆಗೆಯುತ್ತಾರಲ್ಲ ಎಂಬ ಭಯ!

"ಸುಮಾರು ಅಂದ್ರ... ಹೆಚ್ಚೂ ಆಗಬಹುದೇನ್ರಿ?" ಎಂದು ಮಾವ ಮೆಲ್ಲಗೆ ಕೇಳಿದರು. ಜೀವನವಿಡೀ ಬೈದ ಆ ಶಬ್ದದೊಳಗೇ ಇನ್ನೊಂದಿಷ್ಟು ದಿನಗಳಿಗಾಗಿ ತಡಕಾಡುತ್ತಿದ್ದರು. ಡಾಕ್ಟರು ಕಾಗದಗಳನ್ನು ಮಡಚಿ ಅವರ ಕೈಗೆ ಕೊಟ್ಟರು.

ನಾವು ಮನೆಗೆ ಬರುತ್ತಲೇ ಅತ್ತೆ ಹಾಸಿಗೆಯಿಂದಲೇ, ಡಾಕ್ಟರು ಏನಂದರು ಎಂದು ಕೇಳಿದರು. ಮಾವ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿಯೇ ಇದ್ದರು.

"ಸುಮಾರು... ಆರಾಮ ಆಕ್ಕೈತಿ ಅಂದ್ರು."

ಅತ್ತೆ ಗಂಡನನ್ನೇ ಬಹಳ ಹೊತ್ತು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತೆಂದು ನನಗೂ ತಿಳಿಯಿತು, ಕಣ್ಣೀರು ತಡೆಯಲಾಗದೆ ಅಡುಗೆಮನೆಗೆ ಓಡಿದೆ. ಸ್ವಲ್ಪ ಹೊತ್ತಿಗೆ ಅತ್ತೆಯ ದನಿ ಕೇಳಿಸಿತು.

"ಒಲಿ ಹಚ್ಚವ್ವಾ. ಹೆಂಗ ಮಾಡೂದಂತ ನಾ ಇಲ್ಲಿಂದ ಹೇಳತೇನಿ. ನಿಮ್ಮ ಮಾವನ ಉತ್ತರ ಬರೋಬ್ಬರಿ ಬಂದೈತಿ, ಇವತ್ತ ಮಾದಲಿ ಆಗ್ಬೇಕು."